ಹುಟ್ಟುವ ಮೊದಲೇ ಹಣೆಬರಹ ಬರೆಯುವ ಆಟ

ಅಲೈನ್‌ಮೆಂಟ್ ಎಂಬ ಪದವನ್ನು ಗುತ್ತೂರು-ಹರಿಹರದ ನಮ್ಮಂಥವರು ಬಹುಕಾಲದಿಂದ ಬಲ್ಲೆವು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಲೇಥ್ ಯಂತ್ರಗಳನ್ನು ತಯಾರಿಸುತ್ತಿದ್ದ ದಶಕಗಳಲ್ಲಿ ಓಣಿಗೊಬ್ಬರಾದರೂ ಅದರ ಕಾರ್ಮಿಕರಿದ್ದರು. ಲೇಥಿನ ಅಲೈನ್‌ಮೆಂಟ್ ಕೂದಲೆಳೆಯಷ್ಟು ತಪ್ಪಿದರೂ ಕಡೆದ ಕಂಬಿ ಕೆಟ್ಟುಹೋಗುತ್ತದೆಂಬ ಮಾತನ್ನು ನಾನು ತರಗತಿಯ ಮಕ್ಕಳ ಬಾಯಲ್ಲಿಯೂ ಕೇಳಿದ್ದೇನೆ. ಆದರೆ ಜೀವಿಗೂ ಒಂದು ಅಲೈನ್‌ಮೆಂಟ್ ಉಂಟು, ಅದನ್ನು ಆ ಜೀವಿ ಬದುಕಲಾರಂಭಿಸುವ ಮೊದಲೇ ಚೀಟಿಯೊಂದರ ಮೇಲೆ ಬರೆದಿಡಬಹುದು ಎಂಬ ಸಂಗತಿ ಮಾತ್ರ ನನಗೆ ಎಪ್ಪತ್ತು ದಾಟಿದ ಮೇಲೆ, ಬೆಂಗಳೂರಿನಿಂದ ಸ್ನೇಹಿತರೊಡನೆ ರಜೆಗೆ ಬಂದ ಮೊಮ್ಮಗನ ಮೂಲಕ ತಿಳಿಯಿತು.

ಅವರು ಆಡುತ್ತಿದ್ದ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ಆಟವಿದು. ಇದಕ್ಕೆ ಹಾಸುಪಟ ಬೇಕೇಬೇಕೆಂದಿಲ್ಲ. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ತಲಾ ಒಂದು ಪಾತ್ರವನ್ನು ಕಲ್ಪಿಸಿಕೊಂಡು, ಆ ಪಾತ್ರವಾಗಿಯೇ ಮಾತನಾಡುತ್ತ, ತಮ್ಮ ನಡೆಯನ್ನು ತಾವೇ ಹೇಳುತ್ತ ಹೋಗುತ್ತಾರೆ. ನಡೆಯು ಫಲಿಸಿತೇ ಇಲ್ಲವೇ ಎಂಬುದನ್ನು ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ಬಗೆಬಗೆಯ ದಾಳಗಳು ನಿರ್ಣಯಿಸುತ್ತವೆ. ಎರಡು ರಾತ್ರಿ ಮಂಚದ ಮೇಲೆ ಕುಳಿತು ನೋಡಿದೆ. ಮೊಬೈಲನ್ನು ಕೆಳಗಿಟ್ಟು ಐದು ಜನ ಹುಡುಗ ಹುಡುಗಿಯರು ಒಬ್ಬರ ಮಾತನ್ನೊಬ್ಬರು ಗಂಟೆಗಟ್ಟಲೆ ಕೇಳುವುದನ್ನು ಈ ಕಾಲದಲ್ಲಿ ಕಾಣುವುದು ಅಪರೂಪ. ಆದ್ದರಿಂದ ಆಟವನ್ನೇ ತೆಗಳುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಜಗಳವಿರುವುದು ಅವರ ಪಾತ್ರಪತ್ರದ ಒಂದು ಕಲಮಿನೊಡನೆ.

ಆ ಕಲಮೇ ಅಲೈನ್‌ಮೆಂಟ್. 1974ರ ಮೊದಲ ಪುಸ್ತಕದಲ್ಲಿ ಮೂರೇ ಪಂಗಡಗಳಿದ್ದವು. ಕಟ್ಟಳೆ, ತಾಟಸ್ಥ್ಯ ಮತ್ತು ಅರಾಜಕತೆ. 1978ರ ಹೊತ್ತಿಗೆ ಇದಕ್ಕೆ ಸಾಧು-ದುಷ್ಟ ಎಂಬ ಇನ್ನೊಂದು ಅಡ್ಡಗೆರೆ ಸೇರಿ ಒಂಬತ್ತು ಮನೆಗಳಾದವು: ಕಟ್ಟಳೆಯ ಸಾಧು, ಅರಾಜಕ ಸಾಧು, ಕಟ್ಟಳೆಯ ದುಷ್ಟ, ಅರಾಜಕ ದುಷ್ಟ, ಹೀಗೆ. ಆಟಗಾರನು ಆಡುವ ಮೊದಲೇ ತನ್ನ ಪಾತ್ರವನ್ನು ಇವುಗಳಲ್ಲೊಂದಕ್ಕೆ ಸೇರಿಸಬೇಕು. ಆ ಕಾಲದ ನಿಯಮದಂತೆ ನಡುವೆ ಮನೆ ಬದಲಾದರೆ ಪಾತ್ರವು ಗಳಿಸಿದ ಮೇಲ್ಮೆಯಲ್ಲಿ ಒಂದು ಮೆಟ್ಟಿಲನ್ನು ಕಳೆದುಕೊಳ್ಳುತ್ತಿತ್ತು. ಅಂದರೆ ದುಷ್ಟನು ಒಳ್ಳೆಯವನಾದರೂ ದಂಡ! ಇದಕ್ಕಿಂತಲೂ ಸ್ವಾರಸ್ಯದ ಸಂಗತಿಯೆಂದರೆ, ಪ್ರತಿಯೊಂದು ಪಂಗಡಕ್ಕೂ ಅದರದೇ ಗುಪ್ತಭಾಷೆಯೊಂದಿತ್ತು. ಸಾಧುಗಳು ಸಾಧುಗಳೊಡನೆ ಮಾತ್ರ ಆಡಬಲ್ಲ ನುಡಿ! ಮೂವತ್ತೈದು ವರ್ಷ ವ್ಯಾಕರಣ ಬೋಧಿಸಿದ ನನಗೆ ಆ ಭಾಷೆಯಲ್ಲಿ ವಿಧ್ಯರ್ಥ, ನಿಷೇಧಾರ್ಥಗಳನ್ನು ಬಿಟ್ಟು ಬೇರೆ ಕ್ರಿಯಾರೂಪಗಳಿದ್ದವೇ ಎಂದು ಕೇಳಬೇಕೆನಿಸಿತು. ಮುಂದಿನ ಆವೃತ್ತಿಗಳವರು ನಾಚಿಕೊಂಡು ಅದನ್ನು ಕೈಬಿಟ್ಟರಂತೆ.

ಆಟಗಾರನು ತನಗೆ ತಾನೇ ಒಂದು ಶೀಲವನ್ನು ಆರಿಸಿಕೊಳ್ಳುವುದು ಒಂದು ಬಗೆಯ ವ್ರತವೆಂದಿಟ್ಟುಕೊಂಡರೆ ಅಷ್ಟು ಕೆಡುಕಲ್ಲ. ಕೆಡುಕಿರುವುದು ಎದುರುಪಕ್ಷಕ್ಕೆ ಹಚ್ಚುವ ಚೀಟಿಯಲ್ಲಿ. ಇವರ ಪುಸ್ತಕಗಳಲ್ಲಿ ಆರ್ಕ್ ಎಂಬುದೊಂದು ಜನಾಂಗವಿದೆ. 2014ರ ಆವೃತ್ತಿಯಲ್ಲಿಯೂ ಅದರ ಹೆಸರಿನ ಕೆಳಗೆ 'ಅರಾಜಕ ದುಷ್ಟ' ಎಂದೇ ಮುದ್ರಿತವಾಗಿದೆ. ಒಬ್ಬ ಆರ್ಕನ ಹೆಸರಿನ ಕೆಳಗಲ್ಲ, ಇಡೀ ಕುಲದ ಹೆಸರಿನ ಕೆಳಗೆ. ಎರಡನೆಯ ರಾತ್ರಿ ನಮ್ಮ ಮನೆಯ ಪಡಸಾಲೆಯ ವೀರರು ಆರ್ಕ್‌ಗಳ ಬಿಡಾರವೊಂದನ್ನು ಗೆದ್ದರು. ಒಳಗೆ ಅವರ ಮರಿಗಳಿದ್ದವು. ಈಗೇನು ಮಾಡಬೇಕು? ಒಬ್ಬ ಹುಡುಗ, ಇಂಜಿನಿಯರಿಂಗ್ ಓದುವವನು, ಬಹಳ ಸೌಮ್ಯ ಸ್ವಭಾವದವನು, ಹೇಳಿದ: "ಪುಸ್ತಕದಲ್ಲೇ ಬರೆದಿದೆಯಲ್ಲ, ಇವು ದುಷ್ಟ. ಕೊಂದರೆ ಪಾಯಿಂಟ್ ಬರುತ್ತದೆ." ಅವನಲ್ಲಿ ಕ್ರೌರ್ಯವಿರಲಿಲ್ಲ. ಲೆಕ್ಕ ಬಿಡಿಸುವ ಧ್ವನಿಯಲ್ಲಿ ಹೇಳಿದ. ನನಗೆ ಭಯವಾದದ್ದು ಆ ಧ್ವನಿಯಿಂದಲೇ.

ಈ ಪ್ರಶ್ನೆ ಹೊಸದಲ್ಲವೆಂದೂ ಐವತ್ತು ವರ್ಷಗಳಿಂದ ಆಟಗಾರರು ಇದನ್ನು ಚರ್ಚಿಸುತ್ತಿದ್ದಾರೆಂದೂ ಮೊಮ್ಮಗ ಹೇಳಿದ. ಓದಿ ನೋಡಿದೆ. ಆಟದ ಜನಕರಲ್ಲೊಬ್ಬರಾದ ಗೈಗ್ಯಾಕ್ಸ್ ತಮ್ಮ ಇಳಿವಯಸ್ಸಿನಲ್ಲಿ, 2005ರಲ್ಲಿ, ಕಟ್ಟಳೆಯ ಸಾಧುವಾದ ಧರ್ಮವೀರನು ಸೆರೆಸಿಕ್ಕ ದುಷ್ಟರನ್ನು ಕೊಲ್ಲಬಹುದೇ ಎಂಬ ಪ್ರಶ್ನೆಗೆ ಉತ್ತರಿಸುತ್ತ, ಹೇನಿನ ಮೊಟ್ಟೆಯಿಂದ ಹೇನೇ ಹುಟ್ಟುವುದೆಂಬ ಅರ್ಥದ ಹಳೆಯ ನುಡಿಯೊಂದನ್ನು ಸಮರ್ಥನೆಯಾಗಿ ನೆನೆದರು. ಆ ನುಡಿ ಕರ್ನಲ್ ಚಿವಿಂಗ್‌ಟನ್ ಎಂಬವನ ಹೆಸರಿಗೆ ಅಂಟಿಕೊಂಡದ್ದು. 1864ರ ನವೆಂಬರ್ 29ರಂದು ಅಮೆರಿಕದ ಸ್ಯಾಂಡ್ ಕ್ರೀಕ್ ಎಂಬಲ್ಲಿ ಶೈಯೆನ್ ಮತ್ತು ಅರಾಪಾಹೊ ಮೂಲನಿವಾಸಿಗಳ ಶಿಬಿರದ ಮೇಲೆರಗಿ ಹೆಂಗಸರು ಮಕ್ಕಳೆನ್ನದೆ ಕೊಂದ ದಂಡಿನ ನಾಯಕ ಅವನು. ಆಟದ ಧರ್ಮಸೂಕ್ಷ್ಮಕ್ಕೆ ಆಧಾರವಾಗಿ ದೊರೆತದ್ದು ಇಂಥವನ ಮಾತು! ಕಲ್ಪಿತ ಕುಲಕ್ಕೆ ಹಚ್ಚಿದ ಚೀಟಿಗೂ ನಿಜವಾದ ಕುಲದ ಮೇಲೆ ಬಿದ್ದ ಗುಂಡಿಗೂ ಸಂಬಂಧವಿಲ್ಲವೆನ್ನುವವರು ಈ ಸಂಗತಿಯನ್ನು ಒಮ್ಮೆ ಯೋಚಿಸಬೇಕು.

ನಮ್ಮ ಪುರಾಣಗಳನ್ನೂ ಇವರು ಬಿಟ್ಟಿಲ್ಲ. 1977ರ ರಾಕ್ಷಸಕೋಶದಲ್ಲಿ 'ರಾಕ್ಷಸ' ಎಂಬ ಹೆಸರಿನಲ್ಲೇ ಒಂದು ಜೀವಿಯಿದೆ. ಹುಲಿಯ ಮುಖ, ಮೈಮೇಲೆ ಸಾಹೇಬರ ನಿಲುವಂಗಿ, ಕೈಯಲ್ಲಿ ಹೊಗೆಸೊಪ್ಪಿನ ಕೊಳವೆ. ಪಂಗಡ: ಕಟ್ಟಳೆಯ ದುಷ್ಟ. ಮಂತ್ರಿಸಿದ ಬಾಣವೊಂದು ತಾಗಿದರೆ ಸಾವು. ಇದರ ಮೂಲ ವಾಲ್ಮೀಕಿಯಲ್ಲ, ವ್ಯಾಸನಲ್ಲ, 1974ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಬಂದ ಭೂತಪ್ರೇತಗಳ ಧಾರಾವಾಹಿಯೊಂದರ ಒಂದು ಕಂತು. ನನಗೆ ಇದರಿಂದ ಧರ್ಮಕ್ಕೆ ಅವಮಾನವಾಯಿತೆಂಬ ಕೋಪವೇನೂ ಬರಲಿಲ್ಲ. ಅಂಥ ಕೋಪದ ಅಂಗಡಿಗಳು ಈಗ ಬೇಕಾದಷ್ಟಿವೆ. ಬಂದದ್ದು ಕನ್ನಡದ ಮೇಷ್ಟರ ಕೋಪ. ರಾಕ್ಷಸರಿಗೆ ಒಂದೇ ಪಂಗಡವೆಂದರೆ ವಿಭೀಷಣನನ್ನು ಎಲ್ಲಿಡುತ್ತೀರಿ? ಅಸುರಕುಲದ ಪ್ರಹ್ಲಾದನನ್ನು? ಅವನ ಮೊಮ್ಮಗ ಬಲಿ, ಕೊಟ್ಟ ಮಾತಿಗಾಗಿ ತಲೆಯನ್ನೇ ಒಡ್ಡಿದವನು, ದೀಪಾವಳಿಯ ಪಾಡ್ಯದಂದು ನಮ್ಮ ಸೀಮೆಯ ಮನೆಮನೆಯಲ್ಲಿ ಪೂಜೆಗೊಳ್ಳುವವನು, ಅವನ ಹೆಸರಿನ ಕೆಳಗೆ ಯಾವ ಮನೆಯನ್ನು ಮುದ್ರಿಸುತ್ತೀರಿ? ಇನ್ನು ಹುಲಿಮುಖದ ಮಾತು. ಕನ್ನಡದ ಮಗುವಿಗೆ ಮೊದಲು ಪರಿಚಯವಾಗುವ ಹುಲಿ ಗೋವಿನ ಹಾಡಿನ ಅರ್ಬುತ. ಹಸಿದ ಕ್ರೂರಮೃಗ. ಪುಣ್ಯಕೋಟಿ ಕೊಟ್ಟ ಮಾತಿನಂತೆ ಕರುವಿಗೆ ಹಾಲೂಡಿಸಿ ಮರಳಿ ಬಂದುದನ್ನು ಕಂಡು, ತಿನ್ನಲಾರದೆ ತಾನೇ ಪ್ರಾಣಬಿಟ್ಟ ಹುಲಿ. ಪುಸ್ತಕದ ನಿಯಮದಂತೆ ಆ ಹುಲಿ ಹಾಗೆ ಮಾಡುವಂತಿಲ್ಲ. ಮಾಡಿದರೆ ಒಂದು ಮೆಟ್ಟಿಲು ಕಡಿತ.

ನಮ್ಮ ಹಳಗನ್ನಡದ ದೊಡ್ಡವರು ಪ್ರತಿನಾಯಕನನ್ನು ಹೇಗೆ ನಡೆಸಿಕೊಂಡರೆಂಬುದು ಈ ಓದುಗರಿಗೆ ಹೊಸದಲ್ಲ. 941ರ ಪಂಪನ ಕರ್ಣನನ್ನು ಬಿಡಿ. ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ಶತ್ರುವಿನ ಮಗ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುವ ಸಂದರ್ಭವನ್ನು ಹತ್ತನೆಯ ತರಗತಿಗೆ ಪಾಠ ಮಾಡುವಾಗ, ಕೊನೆಯ ಬೆಂಚಿನ ಹುಡುಗರೂ ಸುಮ್ಮನಾಗುತ್ತಿದ್ದರು. ದುರ್ಯೋಧನ ಮಾಡಿದ ಅನ್ಯಾಯವನ್ನು ರನ್ನ ಒಂದಿಷ್ಟೂ ಮುಚ್ಚಿಡುವುದಿಲ್ಲ. ಆದರೂ ಆ ಮನುಷ್ಯನೊಳಗೆ ಇನ್ನೊಂದು ಕೋಣೆಯಿದೆಯೆಂದು ಬಾಗಿಲು ತೆರೆದು ತೋರಿಸುತ್ತಾನೆ. ನಾಗಚಂದ್ರನ ರಾವಣನಿಗೂ, ಕುವೆಂಪು ಅವರ ರಾವಣನಿಗೂ ಆ ಕೋಣೆಯಿದೆ. ಸಾವಿರ ವರ್ಷ ಈ ಅಭ್ಯಾಸವಿದ್ದ ಭಾಷೆಯ ಮಕ್ಕಳು ಒಂಬತ್ತು ಮನೆಗಳ ಕೋಷ್ಟಕವನ್ನು ನೋಡಿ ಬೆರಗಾಗುವುದೇ ನನಗೆ ಬೆರಗು.

ಕಾವ್ಯದ ಮಾತು ಪಂಡಿತರದೆನ್ನುವುದಾದರೆ ಬಯಲಾಟಕ್ಕೆ ಬನ್ನಿ. ದಾವಣಗೆರೆ, ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ಸುಗ್ಗಿಯಾದ ಮೇಲೆ ಬೆಳತನಕ ನಡೆಯುತ್ತಿದ್ದ ದೊಡ್ಡಾಟಗಳನ್ನು ನಾನು ಬಾಲ್ಯದಲ್ಲಿ ಕಂಬಳಿ ಹೊದ್ದು ನೋಡಿದವನು. ಅಲ್ಲಿಯೂ ಕಥೆ ನಡೆಸುವವನೊಬ್ಬನಿರುತ್ತಾನೆ, ಸಾರಥಿ. ಮೊಮ್ಮಗನ ಆಟದ ಸೂತ್ರಧಾರನಿಗೆ ಅವನು ಹಿರಿಯಣ್ಣ. ಪಾತ್ರವೊಂದು ಕುಣಿಯುತ್ತ ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ತಡೆದು ವಿಚಾರಿಸುತ್ತಾನೆ: ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು? ಧರ್ಮರಾಯನಿಗೂ ಇದೇ ಪ್ರಶ್ನೆ, ದುಶ್ಯಾಸನನಿಗೂ ಇದೇ ಪ್ರಶ್ನೆ. ರಾವಣನಾದರೋ ಹಲಗೆ ಮುರಿಯುವಂತೆ ಹೆಜ್ಜೆ ಹಾಕಿ, ತನ್ನ ಕುಲ, ತಪಸ್ಸು, ಬಿರುದುಗಳನ್ನೆಲ್ಲ ತಾನೇ ಹೇಳಿಕೊಳ್ಳುತ್ತಾನೆ. ನೀವು ಒಳ್ಳೆಯವರೋ ಕೆಟ್ಟವರೋ ಎಂದು ಸಾರಥಿ ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ಅದು ತೀರ್ಮಾನವಾಗುವುದು ನಸುಕಿನ ಹೊತ್ತಿಗೆ, ಆಟ ಮುಗಿಯುವಾಗ. ಮತ್ತೊಂದು ಮಾತು. ರಾಕ್ಷಸ ಪಾತ್ರವನ್ನು ಊರಿನಲ್ಲಿ ಎಲ್ಲರಿಗಿಂತ ಗಟ್ಟಿ ಕಂಠವುಳ್ಳವನಿಗೆ ಕೊಡುತ್ತಿದ್ದರು, ಆಯೇರಿಯೂ ಹೆಚ್ಚಾಗಿ ಅವನಿಗೇ ಬೀಳುತ್ತಿತ್ತು. ಕೆಟ್ಟದ್ದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳದೆ ಒಳ್ಳೆಯದು ತಿಳಿಯದೆಂದು ಆ ಅನಕ್ಷರಸ್ಥ ಊರಿಗೆ ಯಾರೂ ಪಾಠ ಹೇಳಿರಲಿಲ್ಲ.

ಇನ್ನು ನಮ್ಮ ಊರಿನ ದೇವರು. ಹರಿಯಾಗಲಿ ಹರನಾಗಲಿ ತನ್ನನ್ನು ಕೊಲ್ಲಬಾರದೆಂದು ವರ ಪಡೆದ ಗುಹಾಸುರನೆಂಬವನನ್ನು ಸಂಹರಿಸಲು ಅವರಿಬ್ಬರೂ ಒಂದೇ ದೇಹವಾದರೆಂಬುದು ಸ್ಥಳಪುರಾಣ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಆ ಅರೆಬರೆ ಮೂರ್ತಿ ಇಂದಿಗೂ ನಿಂತಿದೆ. ಗುಹಾಸುರ ಮಹಾ ಬುದ್ಧಿವಂತ. ಪಂಗಡಗಳ ನಡುವಿನ ಗೆರೆಯಲ್ಲೇ ಅಡಗಿ ಕುಳಿತಿದ್ದ. ಅವನನ್ನು ಹಿಡಿಯಲು ದೇವರುಗಳೇ ತಂತಮ್ಮ ಮನೆ ಬಿಟ್ಟು ಬರಬೇಕಾಯಿತು.

ಇಷ್ಟು ಹೇಳಿ ನಮ್ಮವರ ಬೆನ್ನು ತಟ್ಟಿ ಮುಗಿಸಿದರೆ ಓದುಗರಿಗೆ ಹಿತವಾಗಬಹುದು. ಅದು ಅರ್ಧಸತ್ಯವಾಗುತ್ತದೆ. ಹುಟ್ಟಿನಿಂದಲೇ ಗುಣವನ್ನು ನಿಗದಿಮಾಡುವ ಆಟವನ್ನು ಅಮೆರಿಕದವರು ದಾಳ ಹಿಡಿದು ಐವತ್ತು ವರ್ಷ ಆಡಿದ್ದಾರೆ. ನಾವು ದಾಳವಿಲ್ಲದೆ ಸಾವಿರಾರು ವರ್ಷ ಆಡಿದ್ದೇವೆ, ಜಾತಿಯೆಂಬ ಹೆಸರಿನಲ್ಲಿ. ಬ್ರಿಟಿಷರು ಬಂದು ಅದಕ್ಕೊಂದು ದಫ್ತರ ಕೊಟ್ಟರು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮೇರೆಗೆ ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡಲಾಯಿತು. ಮುಂದೆ ಅದರ ವ್ಯಾಪ್ತಿ ದಕ್ಷಿಣಕ್ಕೂ ಹಬ್ಬಿತು. ನಮ್ಮ ತುಂಗಭದ್ರೆಯ ಈಚೆ ದಡ ಆಗ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಆ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಾಪುರಗಳಲ್ಲಿ ಇವರಿಗಾಗಿ ಸೆಟ್ಲಮೆಂಟುಗಳನ್ನು ಕಟ್ಟಿದರು. ಬೆರಳಚ್ಚು, ಹಾಜರಿ, ಹೊರಗೆ ಹೋಗಲು ಚೀಟಿ. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಆ ಬಡಾವಣೆಗಳಿಗೆ ಸೆಟ್ಲಮೆಂಟ್ ಎಂದೇ ಹೆಸರು. ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳೆಂಬ ಇನ್ನೊಂದು ಹೆಸರಿನಲ್ಲಿ ಅದರ ನೆರಳು ಉಳಿಯಿತು. ಸೆರೆಮನೆಯ ಕೈಪಿಡಿಗಳಲ್ಲಿ ಜಾತಿಯ ಮೇಲೆ ಕೆಲಸ ಹಂಚುವ, ಈ ಸಮುದಾಯದವರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯವು ಅಸಿಂಧುಗೊಳಿಸಿದ್ದು 2024ರ ಅಕ್ಟೋಬರಿನಲ್ಲಿ! ಎಪ್ಪತ್ತೆರಡು ವರ್ಷ.

ಚೀಟಿ ಎಷ್ಟು ದಿನ ಅಂಟಿರುತ್ತದೆಂಬುದಕ್ಕೆ ನನ್ನ ಕಣ್ಣೆದುರಿನ ಸಂಗತಿಯೊಂದಿದೆ. ನೌಕರಿಯ ಆರಂಭದ ವರ್ಷಗಳಲ್ಲಿ ನಾನಿದ್ದ ಒಂದು ಶಾಲೆಗೆ (ಹೆಸರು ಬೇಡ) ಅಂಥ ಸಮುದಾಯದ ಹುಡುಗನೊಬ್ಬ ಬರುತ್ತಿದ್ದ. ಅಕ್ಷರ ಮುತ್ತಿನಂತೆ. ತರಗತಿಯಲ್ಲಿ ಯಾರದೋ ಕಂಪಾಸ್ ಪೆಟ್ಟಿಗೆ ಕಾಣೆಯಾಯಿತು. ಮುಖ್ಯೋಪಾಧ್ಯಾಯರು ಬಂದವರೇ ಯಾರನ್ನೂ ಏನೂ ಕೇಳದೆ ಅವನ ಚೀಲವನ್ನು ನೆಲಕ್ಕೆ ಸುರಿದರು. ಒಂದು ರೊಟ್ಟಿ, ಎರಡು ಪುಸ್ತಕ ಬಿದ್ದವು. ಪೆಟ್ಟಿಗೆ ಸಂಜೆ ಅದರ ಒಡೆಯನ ಚೀಲದ ಹರಿದ ಅಸ್ತರಿಯೊಳಗೇ ಸಿಕ್ಕಿತು. ನಾನು ಆಕ್ಷೇಪಿಸಿದ್ದಕ್ಕೆ ಅವರು, "ನೀವು ಹೊಸಬರು, ಆ ಜನ ನಿಮಗೆ ಗೊತ್ತಿಲ್ಲ" ಎಂದರು. ಅವರಾದರೂ ದುಷ್ಟರಲ್ಲ, ಬಡಮಕ್ಕಳ ಪರೀಕ್ಷೆಯ ಶುಲ್ಕವನ್ನು ಸ್ವಂತ ಸಂಬಳದಿಂದ ಕಟ್ಟುತ್ತಿದ್ದವರು. ಅವರ ಬಳಿ ಪುಸ್ತಕವೊಂದಿತ್ತು, ಕಣ್ಣಿಗೆ ಕಾಣದ ಪುಸ್ತಕ. ಅದರಲ್ಲಿ ಆ ಕುಲದ ಹೆಸರಿನ ಕೆಳಗೆ ಒಂದು ಶಬ್ದ ಮುದ್ರಿತವಾಗಿತ್ತು. ಹುಡುಗ ಆ ವರ್ಷದ ಕೊನೆಯವರೆಗೆ ಬರಲಿಲ್ಲ. ಪಡಸಾಲೆಯಲ್ಲಿ "ಪುಸ್ತಕದಲ್ಲೇ ಬರೆದಿದೆಯಲ್ಲ" ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಕೇಳಿಸಿದ್ದು ಆ ಮುಖ್ಯೋಪಾಧ್ಯಾಯರ ಧ್ವನಿ.

ಇದು ಬರಿಯ ಆಟ, ಇಷ್ಟೇಕೆ ಗಂಭೀರವಾಗುತ್ತೀರಿ ಎನ್ನುವವರಿದ್ದಾರೆ. ಬರಿಯ ಆಟವಾದ್ದರಿಂದಲೇ ಗಂಭೀರವಾಗುತ್ತೇನೆ. ಪಾಠವನ್ನು ಮಕ್ಕಳು ಮರೆಯುತ್ತಾರೆ, ಆಡಿದ್ದನ್ನು ಮರೆಯುವುದಿಲ್ಲ, ಇದನ್ನರಿಯದ ಮೇಷ್ಟರಿಲ್ಲ. ಹಾಗಾದರೆ ಆಟವನ್ನೇ ನಿಲ್ಲಿಸಿರೆಂದು ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರ ಸಲಹೆ. ಭೂತಪಿಶಾಚಿಗಳ ಹೆಸರಿರುವ ಪುಸ್ತಕ ಮನೆಯಲ್ಲಿರಬಾರದೆಂಬುದು ಅವರ ವಾದ. 1980ರ ದಶಕದಲ್ಲಿ ಅಮೆರಿಕದಲ್ಲಿಯೇ ಇಂಥ ಗದ್ದಲವಾಗಿತ್ತು, ಸೈತಾನನ ಆರಾಧನೆಯೆಂದು ಹುಯಿಲೆಬ್ಬಿಸಿದ್ದರು. ಅದು ಬಿಸಿ ಕಡಿಮೆಯಾಗಿ ತಣ್ಣಗಾಯಿತು. ಆ ವಾದಕ್ಕೆ ನಾನು ಇಷ್ಟೇ ಹೇಳುವೆ: ಆಟವನ್ನು ದುಷ್ಟವೆಂದು ಹಣೆಪಟ್ಟಿ ಹಚ್ಚುವವನೂ ಅದೇ ಕೋಷ್ಟಕವನ್ನೇ ಬಳಸುತ್ತಿದ್ದಾನೆ.

ಗಟ್ಟಿಯಾದ ಆಕ್ಷೇಪವನ್ನೆತ್ತಿದವನು ಮೊಮ್ಮಗ. "ಅಜ್ಜ, ಚೀಟಿ ಇಲ್ಲದಿದ್ದರೆ ಕೆಲವರು ಮನಬಂದಂತೆ ಕೊಲ್ಲುತ್ತ ಕದಿಯುತ್ತ ಹೋಗುತ್ತಾರೆ. ನೀನು ಸಾಧು ಎಂದು ಬರೆದುಕೊಂಡಿದ್ದೀಯಲ್ಲ ಎಂದು ಹೇಳಿಯಾದರೂ ತಡೆಯಬಹುದು." ಇದರಲ್ಲಿ ಹುರುಳಿದೆ. ಆದರೆ ತಡೆಯುವುದು ಶಬ್ದವೇ, ಸಂಗಡಿಗರ ಪ್ರಶ್ನೆಯೇ? ಧರ್ಮರಾಯನ ಹಣೆಯ ಮೇಲೆ ಕಟ್ಟಳೆಯ ಸಾಧು ಎಂದು ಬರೆದಿದ್ದರೂ ದ್ರೋಣನ ಮುಂದೆ ಅವನ ನಾಲಗೆ ಹೊರಳಿತು. ಚೀಟಿ ಅವನನ್ನು ತಡೆಯಲಿಲ್ಲ, ಆಮೇಲಿನ ಲಜ್ಜೆ ಅವನನ್ನು ಬಿಡಲೂ ಇಲ್ಲ. ಅತ್ತ ನಮ್ಮ ಶರಣರಲ್ಲಿ ಕನ್ನದ ಮಾರಿತಂದೆಯೆಂಬೊಬ್ಬರಿದ್ದಾರೆ. ಹೆಸರಿನಲ್ಲಿಯೇ ಕನ್ನ ಹಾಕುವ ಕಸುಬು. ಹನ್ನೆರಡನೆಯ ಶತಮಾನದ ಆ ಕೂಟ ಅವರ ಹೆಸರಿನಿಂದ ಆ ಶಬ್ದವನ್ನು ಅಳಿಸಲಿಲ್ಲ, ಅದಕ್ಕಾಗಿ ಅವರನ್ನು ಹೊರಗೂ ಇಡಲಿಲ್ಲ. ಅವರ ವಚನಗಳು ಇಂದಿಗೂ ನಮ್ಮ ಸಂಪುಟಗಳಲ್ಲಿವೆ.

ನಮ್ಮ ಅಜ್ಜಿಯರು ಏಕಾದಶಿಯ ಜಾಗರಣೆಗೆ ಆಡುತ್ತಿದ್ದ ಪರಮಪದ ಸೋಪಾನ ಪಟ ನೆನಪಾಗುತ್ತದೆ. ಹಾವುಗಳಿಗೆ ಪಾಪಗಳ ಹೆಸರು, ಏಣಿಗಳಿಗೆ ಪುಣ್ಯದ ಹೆಸರು. ಪಾಪವೂ ಪುಣ್ಯವೂ ಅಲ್ಲಿ ಮನೆಗಳಿಗೆ ಅಂಟಿವೆ, ಕಾಯಿಗಳಿಗಲ್ಲ. ಕವಡೆಯಾಗಲಿ, ಹುಣಸೆಬೀಜವಾಗಲಿ, ಒಡೆದ ಬಳೆಚೂರಾಗಲಿ, ಮತ್ಸರದ ಹಾವಿನ ಬಾಯಿಗೆ ಬಿದ್ದರೆ ಎಲ್ಲಕ್ಕೂ ಒಂದೇ ಜಾರುಗತಿ. ಅದರ ಕೊರತೆಯೆಂದರೆ ಕಾಯಿಗೆ ಆಯ್ಕೆಯಿಲ್ಲ, ಎಲ್ಲವೂ ದಾಳದ ಕೈಯಲ್ಲಿ. ಮೊಮ್ಮಗನ ಆಟದಲ್ಲಿ ಆಯ್ಕೆಯಿದೆ, ಅದು ನಮ್ಮ ಪಟಕ್ಕಿಂತ ಮುಂದೆ ಹೋದ ಆಟ. ಅಷ್ಟು ದೂರ ಹೋಗಿ ಆಯ್ಕೆಯನ್ನು ಕೈಗೆ ಕೊಟ್ಟವರು, ಅದರ ಫಲವನ್ನು ಮುಂಚಿತವಾಗಿ ಬರೆದಿಡುವುದೇಕೆ?

ಆಟದ ಈಗಿನ ಒಡೆಯರಿಗೂ ಇದು ಹೊಳೆದಿದೆಯೆನ್ನಬೇಕು. ಆರ್ಕ್ ಮೊದಲಾದವರನ್ನು ಹುಟ್ಟು ದುಷ್ಟರೆಂದು ಚಿತ್ರಿಸುವುದು ನಿಜಲೋಕದ ಜನಾಂಗನಿಂದೆಗಳನ್ನು ನೆನಪಿಸುತ್ತದೆಂದು 2020ರಲ್ಲಿ ಅವರೇ ಒಪ್ಪಿಕೊಂಡರು. 2024ರ ಪುಸ್ತಕದಲ್ಲಿ ಜನಾಂಗವೆಂಬ ಶಬ್ದ ಹೋಗಿ ಜೀವಪ್ರಭೇದವೆಂಬುದು ಬಂದಿದೆ, ಆರ್ಕ್ ಕೂಡ ಆಟಗಾರರು ಆರಿಸಿಕೊಳ್ಳಬಹುದಾದ ಪಾತ್ರಗಳ ಸಾಲಿಗೆ ಸೇರಿದೆ. ಇದು ಅಂಗಡಿಯವರ ಜಾಣ್ಮೆಯೆಂದು ಹಳಬರು ಗೊಣಗುತ್ತಾರಂತೆ. ಇರಬಹುದು. ಆದರೆ ಒಂಬತ್ತು ಮನೆಗಳ ಕಲಮು ಮಾತ್ರ ಪಾತ್ರಪತ್ರದಲ್ಲಿ ಇನ್ನೂ ಇದೆ.

ಆ ಕಲಮನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ ಸಾರಥಿಯ ಪ್ರಶ್ನೆಗಳನ್ನು ಬರೆದುಕೊಳ್ಳಿರೆಂದು ನಾನು ಹುಡುಗರಿಗೆ ಹೇಳಿದೆ. ಈ ಪಾತ್ರ ಯಾರ ಋಣದಲ್ಲಿದೆ? ಹೊಟ್ಟೆಗಿಲ್ಲದಿದ್ದರೂ ಏನನ್ನು ಮಾಡಲಾರದು? ಯಾರಿಗೆ ಅನ್ಯಾಯ ಮಾಡಿ ಬಂದಿದೆ? ಆರ್ಕ್‌ಗಳ ಮುಖಂಡನಿಗೂ ಇದೇ ಮೂರು ಪ್ರಶ್ನೆ. ಉತ್ತರ ಬರೆಯಲು ಒಂದೊಂದು ಪಾತ್ರಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಆಟ ತಡವಾಗುತ್ತದೆಂದು ಅವರ ದೂರು. ದುಷ್ಟತನವನ್ನು ಪತ್ತೆಹಚ್ಚುವ ಮಂತ್ರವೊಂದು ಅವರ ಬಳಿ ಇತ್ತಂತೆ, ಚೀಟಿಯಿಲ್ಲದೆ ಅದು ಯಾವುದನ್ನು ಓದಿ ಹೇಳಬೇಕು ಎಂದೂ ಕೇಳಿದರು. ಆ ಮಂತ್ರ ಕೆಲಸ ಮಾಡದಿದ್ದರೆ ಎದುರಿಗಿರುವವನನ್ನೇ ಮಾತನಾಡಿಸಿ ಎಂದೆ.